ನಡುವಿನ ಖಾಲಿ ಕುರ್ಚಿ: ಕಡಲತೀರದ ಒಂದು ಚಿತ್ರ ನೋಡೋದು ಹೇಗೆ?

ಹಲಸೂರು ಕೆರೆ ದಂಡೆಯಲ್ಲಿ ಕೂತು ಮಾತಾಡ್ತಿದ್ದೀನಿ, ಹಾರ್ನ್ ಸದ್ದು ಬಂದ್ರೆ ಸಹಿಸ್ಕೊಳ್ಳಿ. ಇವತ್ತು ಒಂದೇ ಚಿತ್ರ. ಫ್ರಾನ್ಸಿನ ಕ್ಲಾಡ್ ಮೊನೆ 1870ರಲ್ಲಿ ಬರೆದ ‘ಟ್ರೂವಿಲ್ ಕಡಲತೀರ’. ಇರೋದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಮೊಬೈಲಿನಲ್ಲಿ ತೆರೆದಿಟ್ಕೊಳ್ಳಿ. ಅಸಲಿ ಚಿತ್ರವೂ ಚಿಕ್ಕದೇ, ಅರ್ಧ ಮೀಟರ್ ಅಗಲವೂ ಇಲ್ಲ.

ಬೀಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ. ಎಡಗಡೆ ಬಿಳಿ ಉಡುಪಿನವರು ಬಹುಶಃ ಮೊನೆಯ ಹೆಂಡತಿ ಕಮೀಲ್. ಬಲಗಡೆಯವರದು ಕಪ್ಪು ಉಡುಪು. ಬಣ್ಣದಲ್ಲಿ ಮರಳಿನ ಕಣಗಳು ಸಿಕ್ಕಿವೆ. ಅಂದ್ರೆ ಮೊನೆ ಅಲ್ಲೇ, ಗಾಳಿಯಲ್ಲಿ ನಿಂತು ಬರೆದಿದ್ದಾನೆ.

ಈಗ ಮುಖಗಳನ್ನು ಜೂಮ್ ಮಾಡಿ. ಕಣ್ಣು, ಬಾಯಿ ಯಾವುದೂ ಸ್ಪಷ್ಟವಾಗಿಲ್ಲ. ಹಾಗಾದ್ರೆ ಭಾವ ಎಲ್ಲಿಂದ ಬರುತ್ತೆ? ಜೋಡಣೆಯಿಂದ. ಇಬ್ಬರ ನಡುವೆ ಒಂದು ಖಾಲಿ ಕುರ್ಚಿ ಇದೆ, ನೋಡಿ. ಒಬ್ಬರು ಇನ್ನೊಬ್ಬರ ಕಡೆ ತಿರುಗಿಲ್ಲ. ಇಬ್ಬರೂ ನಮಗೆ ಎಷ್ಟು ಹತ್ತಿರ ಅಂದ್ರೆ, ಪಕ್ಕದಲ್ಲೇ ಕೂತ ಹಾಗನ್ನಿಸುತ್ತೆ. ಆದ್ರೂ ಮಾತಿಲ್ಲ. ಬಿಳಿ ಮೋಡ, ಬಿಳಿ ಬಟ್ಟೆ ರಜೆಯ ಖುಷಿ ತರುತ್ತವೆ. ಆ ಕಪ್ಪು ಉಡುಪು, ಆ ಖಾಲಿ ಜಾಗ ಖುಷಿಯನ್ನು ಸ್ವಲ್ಪ ತಡೆಯುತ್ತವೆ.

ಕಾಲವನ್ನೂ ನೋಡಿ. ಆ ವರ್ಷದ ಜೂನ್‌ನಲ್ಲಿ ಮೊನೆಯ ಮದುವೆ ಆಯ್ತು. ಜುಲೈನಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾಯ್ತು. ಶರತ್ಕಾಲದ ಹೊತ್ತಿಗೆ ಮೊನೆ ಲಂಡನ್ ಸೇರಿದ್ದ. ಚಿತ್ರದಲ್ಲಿ ಯುದ್ಧದ ಸುಳಿವೇ ಇಲ್ಲ. ‘ಖಾಲಿ ಕುರ್ಚಿ ಅಂದ್ರೆ ಯುದ್ಧ’ ಅಂತ ನಾನೂ ಹೇಳಲ್ಲ. ಆದ್ರೆ ಇದು ಗೊತ್ತಾದ ಮೇಲೆ ಆ ಬಿಸಿಲು ಬೇರೆ ಥರ ಕಾಣುತ್ತೆ.

ನನ್ನ ಹತ್ರ ಮಲ್ಪೆ ಬೀಚಿನ ಒಂದು ಫೋಟೊ ಇದೆ. ಅಕ್ಕ ಕೆಲಸಕ್ಕೆ ಜರ್ಮನಿಗೆ ಹೊರಡೋ ಹಿಂದಿನ ವಾರ ತೆಗೆದದ್ದು. ಅಮ್ಮ ಒಂದು ಕಡೆ, ಅಕ್ಕ ಇನ್ನೊಂದು ಕಡೆ, ನಡುವೆ ಬರೀ ಚಪ್ಪಲಿಗಳು. ಇಬ್ಬರೂ ಕ್ಯಾಮೆರಾ ನೋಡ್ತಿಲ್ಲ ಅಂತ ಡಿಲೀಟ್ ಮಾಡೋಕೆ ಹೊರಟಿದ್ದೆ. ನಗ್ತಾ ನಿಂತ ಫೋಟೊಗಳು ಹತ್ತಿವೆ. ಆ ದಿನ ಹೇಗಿತ್ತು ಅಂತ ಹೇಳೋದು ಇದೊಂದೇ.

ಮುಂದಿನ ಸಲ ಪ್ಯಾಲೇಸ್ ರೋಡಿನ ಎನ್‌ಜಿಎಂಎಗೆ ಹೋದಾಗ, ಚಿತ್ರದ ಪಕ್ಕದ ಬರಹ ಓದೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ: ಬೆಳಕು ಎಲ್ಲಿ ಬಿದ್ದಿದೆ? ಯಾರು ಎತ್ತ ನೋಡ್ತಿದ್ದಾರೆ? ಜಾಗ ಎಲ್ಲಿ ಖಾಲಿ ಬಿಟ್ಟಿದ್ದಾರೆ? ಹಾಂ, ನಿಮ್ಮ ಗ್ಯಾಲರಿಯ ಫೋಟೊಗಳಿಗೂ ಇದೇ ಪ್ರಶ್ನೆ. ಡಿಲೀಟ್ ಒತ್ತೋ ಮುಂಚೆ.