ಸಣ್ಣ ವಿಮಾನ ಸಂಸ್ಥೆಗಳು ಏಕೆ ಬಾಳುವುದಿಲ್ಲ?

ಉದ್ಯಮವೊಂದು ಮುಳುಗಿದಾಗ ಅದರ ಒಡೆಯನ ದುಂದುಗಾರಿಕೆಯನ್ನೋ ಅವಿವೇಕವನ್ನೋ ಕಾರಣವಾಗಿ ಹೇಳುವುದು ಲೋಕರೂಢಿ. ವಿಮಾನ ಸಂಸ್ಥೆಗಳ ವಿಷಯದಲ್ಲಿ ಈ ಉತ್ತರ ಸಾಲದು. ಒಬ್ಬಿಬ್ಬರು ಮುಳುಗಿದ್ದರೆ ಅದು ವ್ಯಕ್ತಿದೋಷವೆನ್ನಬಹುದಿತ್ತು. ಮೂರು ತಲೆಮಾರುಗಳಿಂದ ಅದೇ ಕಥೆ ಮರುಕಳಿಸುತ್ತಿರುವಾಗ ದೋಷವನ್ನು ಆ ವ್ಯವಹಾರದ ಸ್ವರೂಪದಲ್ಲಿಯೇ ಅರಸಬೇಕಾಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳು ಅಗ್ಗದ ಬೆಲೆಗೆ ದೊರೆತುವು. ಅವುಗಳನ್ನು ಕೊಂಡು ನಮ್ಮ ದೇಶದಲ್ಲಿ ಹಲವು ಸಂಸ್ಥೆಗಳು ತಲೆಯೆತ್ತಿದವು. ಇದ್ದ ಪ್ರಯಾಣಿಕರು ಅಷ್ಟಕ್ಕೂ ಸಾಲದಾದರು. 1953ರಲ್ಲಿ ಸರಕಾರವು ಎಂಟು ಸಂಸ್ಥೆಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ನಿಗಮವನ್ನು ರಚಿಸಿತು. ಆ ಏಕಸ್ವಾಮ್ಯದ ಕಾನೂನು 1994ರಲ್ಲಿ ರದ್ದಾಯಿತು. ಆ ವರ್ಷಗಳಲ್ಲಿ ಹಾರತೊಡಗಿದ್ದ ಈಸ್ಟ್-ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಎನ್.ಇ.ಪಿ.ಸಿ. ಸಂಸ್ಥೆಗಳಲ್ಲಿ ಒಂದೂ ಆ ದಶಕವನ್ನು ದಾಟಿ ಉಳಿಯಲಿಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಲ್ಲಿ ಆರಂಭಿಸಿದ ಏರ್ ಡೆಕ್ಕನ್ ಹುಬ್ಬಳ್ಳಿಯಂಥ ಊರುಗಳಿಗೆ ಕಡಿಮೆ ದರದ ವಿಮಾನವನ್ನು ತಂದು ದೇಶದ ಗಮನ ಸೆಳೆಯಿತು. ನಷ್ಟದ ಹೊರೆ ತಾಳದೆ 2008ರಲ್ಲಿ ಕಿಂಗ್‌ಫಿಷರಿನೊಡನೆ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರೂ ನಿಂತಿತು. 2015ರ ಏಪ್ರಿಲಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಹಾರಾಟ ಆರಂಭಿಸಿದ ಏರ್ ಪೆಗಾಸಸ್ 2016ರ ಜುಲೈ ತಿಂಗಳಲ್ಲಿ ಸ್ತಬ್ಧವಾಯಿತು. ಹದಿನಾರು ತಿಂಗಳೂ ತುಂಬಲಿಲ್ಲ.

ಈ ವೈಫಲ್ಯಗಳಿಗೆ ಮೂಲವೆಲ್ಲಿ? ನಷ್ಟವನ್ನು ಕೊನೆಗೆ ತುಂಬಿಕೊಡುವವರು ಯಾರು? ಈ ಎರಡು ಪ್ರಶ್ನೆಗಳನ್ನು ನಾವು ಕ್ರಮವಾಗಿ ವಿಚಾರ ಮಾಡೋಣ.

ಏರುವುದಕ್ಕೆ ತೆರುವ ಬೆಲೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 370 ಕಿಲೋಮೀಟರು. ಇಂಥ ಮಾರ್ಗಗಳಲ್ಲಿ ಸಾಮಾನ್ಯವಾಗಿ ಹಾರುವುದು ಎಪ್ಪತ್ತು ಆಸನಗಳ ಎ.ಟಿ.ಆರ್. ವಿಮಾನ. ಪ್ರಯಾಣಿಕರು ಕುಳಿತ ಮೇಲೆ ಅದರ ತೂಕ ಸುಮಾರು 20 ಟನ್ನು. ಅದನ್ನು ಐದು ಕಿಲೋಮೀಟರು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿಯನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು: ತೂಕವನ್ನು ಎತ್ತರದಿಂದ ಗುಣಿಸಿದರೆ ಸರಿಸುಮಾರು 98 ಕೋಟಿ ಜೂಲ್. ಒಂದು ಕಿಲೋಗ್ರಾಮು ವಿಮಾನ ಇಂಧನದಲ್ಲಿ ಸುಮಾರು 4.3 ಕೋಟಿ ಜೂಲ್ ಉಷ್ಣಶಕ್ತಿಯುಂಟು. ಎಂಜಿನು, ಪ್ರೊಪೆಲ್ಲರುಗಳೆರಡೂ ಸೇರಿ ಅದರಲ್ಲಿ ಕಾಲು ಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆಂದು ಹಿಡಿದರೆ, ಏರುವುದೊಂದಕ್ಕೇ 90 ಕಿಲೋಗ್ರಾಮು ಇಂಧನ ಬೇಕಾಗುತ್ತದೆ. ಒಂದು ಗಂಟೆಯ ಹಾರಾಟಕ್ಕೆ ತಗಲುವ ಒಟ್ಟು ಇಂಧನ 600ರಿಂದ 700 ಕಿಲೋಗ್ರಾಮು. ಅಂದರೆ ಏಳರಲ್ಲಿ ಒಂದು ಪಾಲು ಬರಿಯ ಏರುವಿಕೆಗೆ ಸಂದಿತು. ಇಳಿಯುವಾಗ ಇದರಲ್ಲಿ ಸ್ವಲ್ಪ ಮರಳಿ ಬರುವುದು ನಿಜವಾದರೂ ಪೂರ್ತಿ ಬರುವುದಿಲ್ಲ. ಎರಡು ಸಾವಿರ ಕಿಲೋಮೀಟರು ಹೋಗುವ ವಿಮಾನವೂ ಒಮ್ಮೆ ಮಾತ್ರ ಏರಿ ಒಮ್ಮೆ ಮಾತ್ರ ಇಳಿಯುತ್ತದೆ. ಆ ಖರ್ಚು ಅಲ್ಲಿ ದೂರದ ದಾರಿಗೆಲ್ಲ ಹಂಚಿಹೋಗುತ್ತದೆ. ಚಕ್ರಗಳ ಸವೆತ, ನಿಲ್ದಾಣದ ಶುಲ್ಕ, ನೆಲದ ಮೇಲೆ ನಿಂತು ಕಳೆಯುವ ಹೊತ್ತು ಇವುಗಳದ್ದೂ ಇದೇ ಲೆಕ್ಕ. ಹತ್ತಿರದ ಊರುಗಳ ನಡುವೆ ಹಾರುವ ಸಣ್ಣ ಸಂಸ್ಥೆಗೆ ಕಿಲೋಮೀಟರಿನ ಖರ್ಚು ಹೆಚ್ಚು. ಆದರೆ ಅದು ಕೇಳಬಹುದಾದ ದರಕ್ಕೆ ರಾತ್ರಿಯ ರೈಲು, ಬಸ್ಸುಗಳು ಮಿತಿ ಹಾಕಿರುತ್ತವೆ.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮಾರಾಟವಾಗದ ಸೀರೆ ಅಂಗಡಿಯಲ್ಲಿ ನಾಳೆಗೂ ಉಳಿದಿರುತ್ತದೆ; ಬಾಗಿಲು ಮುಚ್ಚಿದ ವಿಮಾನದ ಖಾಲಿ ಆಸನ ಆ ಕ್ಷಣದಲ್ಲಿಯೇ ನಾಶವಾದ ಸರಕು. ಹಾಗೆಂದು ಖರ್ಚೇನೂ ಇಳಿಯುವುದಿಲ್ಲ. ಪ್ರಯಾಣಿಕರಿಲ್ಲದಿದ್ದರೂ ವಿಮಾನದ ತೂಕವೇ 13 ಟನ್ನಿನಷ್ಟಿದ್ದು, ಅರ್ಧ ತುಂಬಿದರೂ ಪೂರ್ತಿ ತುಂಬಿದರೂ ಇಂಧನದಲ್ಲಿ ಆಗುವ ವ್ಯತ್ಯಾಸ ಅಲ್ಪ. ಚಾಲಕರ ಸಂಬಳದಲ್ಲಿಯೂ ವಿಮಾನದ ಬಾಡಿಗೆಯಲ್ಲಿಯೂ ವ್ಯತ್ಯಾಸವೇ ಇಲ್ಲ. ಆ ಬಾಡಿಗೆಯನ್ನಾದರೋ ಡಾಲರಿನಲ್ಲಿ ಕೊಡಬೇಕು. ಟಿಕೆಟ್ಟಿನ ಹಣ ಬರುವುದು ರೂಪಾಯಿಯಲ್ಲಿ.

ಮೂರಕ್ಕೂ ಮುನ್ನೂರಕ್ಕೂ ಇರುವ ಅಂತರ

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂದು ಹಿರಿಯರು ಹೇಳುತ್ತಾರೆ. ವಿಮಾನೋದ್ಯಮದಲ್ಲಿ ಈ ಮಾತು ನಡೆಯದು. ಕಾರಣವನ್ನು ಸಂಭವನೀಯತೆಯ ಗಣಿತ ತಿಳಿಸುತ್ತದೆ. ಪ್ರತಿಯೊಂದು ವಿಮಾನವೂ ಇಪ್ಪತ್ತು ದಿನಗಳಿಗೊಮ್ಮೆ ದುರಸ್ತಿಗಾಗಿ ನಿಲ್ಲುವುದೆಂದು ಎಣಿಕೆಗಾಗಿ ಭಾವಿಸೋಣ. ಮುನ್ನೂರು ವಿಮಾನಗಳುಳ್ಳ ಸಂಸ್ಥೆಯಲ್ಲಿ ಯಾವ ದಿನವಾದರೂ ಸರಾಸರಿ ಹದಿನೈದು ನಿಂತಿರುತ್ತವೆ. ಏರುಪೇರಾದರೂ ಆ ಸಂಖ್ಯೆ ಇಪ್ಪತ್ತೈದನ್ನು ಮೀರುವುದು ಅಪರೂಪ. ಇಪ್ಪತ್ತೈದು ವಿಮಾನಗಳನ್ನು ಹೆಚ್ಚಿಗೆ ಇಟ್ಟುಕೊಂಡರೆ ಸಾಕು; ಅದು ನೂರಕ್ಕೆ ಎಂಟರಷ್ಟು ಅಧಿಕ ವೆಚ್ಚ. ಮೂರೇ ವಿಮಾನಗಳುಳ್ಳ ಸಂಸ್ಥೆ ಒಂದೇ ಒಂದನ್ನು ಹೆಚ್ಚಿಗೆ ಇಟ್ಟುಕೊಂಡರೂ ವೆಚ್ಚ ನೂರಕ್ಕೆ ಮೂವತ್ತಮೂರರಷ್ಟು ಏರುತ್ತದೆ. ಇಟ್ಟುಕೊಳ್ಳದಿದ್ದರೆ ಒಂದು ಎಂಜಿನು ಕೆಟ್ಟ ದಿನ ಮೂರರಲ್ಲಿ ಒಂದು ಪಾಲು ಹಾರಾಟವೇ ರದ್ದು. ನಂಬಿಕೆ ಕಳೆದುಕೊಂಡ ಪ್ರಯಾಣಿಕನು ಮುಂದಿನ ಸಲ ರೈಲು ಹತ್ತುತ್ತಾನೆ. ದೊಡ್ಡದಕ್ಕೆ ತರಚುಗಾಯವಾಗುವ ಪೆಟ್ಟು ಸಣ್ಣದಕ್ಕೆ ಪ್ರಾಣಾಂತಿಕವಾಗುವುದು ಹೀಗೆ.

ಮುಂಗಡದ ಮಾಯೆ

ಇಷ್ಟು ಕಷ್ಟವಿದ್ದರೂ ಇಂಥ ಸಂಸ್ಥೆಗಳು ತಿಂಗಳುಗಟ್ಟಲೆ ಹಾರುತ್ತಲೇ ಇರುವುದು ಹೇಗೆ? ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಒಂದು ಹಾರಾಟದ ವೆಚ್ಚ 2,10,000 ರೂಪಾಯಿ, ಸರಾಸರಿ ಟಿಕೆಟ್ಟು 4,000 ರೂಪಾಯಿ. ಐವತ್ತಮೂರು ಜನ ಕುಳಿತರೆ ಖರ್ಚು ಹುಟ್ಟುತ್ತದೆ. ಐವತ್ತೇ ಜನ ಕುಳಿತರೆ ಹಾರಾಟವೊಂದಕ್ಕೆ 10,000 ರೂಪಾಯಿ ನಷ್ಟ. ದಿನಕ್ಕೆ ಹತ್ತು ಹಾರಾಟಗಳಾದರೆ ವರ್ಷಕ್ಕೆ 3 ಕೋಟಿ 65 ಲಕ್ಷ.

ಈಗ ಇನ್ನೊಂದು ಲೆಕ್ಕವನ್ನು ನೋಡೋಣ. ದಿನಕ್ಕೆ ಪ್ರಯಾಣ ಮಾಡುವವರು ಐನೂರು ಜನ. ಅವರು ಸರಾಸರಿ ಇಪ್ಪತ್ತು ದಿನ ಮುಂಚಿತವಾಗಿ ಟಿಕೆಟ್ಟು ಕೊಳ್ಳುತ್ತಾರೆಂದುಕೊಂಡರೆ, ಇನ್ನೂ ನಡೆಯದ ಪ್ರಯಾಣಗಳಿಗಾಗಿ ಸಂಸ್ಥೆಯ ಕೈಯಲ್ಲಿ ಯಾವಾಗಲೂ 4 ಕೋಟಿ ರೂಪಾಯಿ ಇರುತ್ತದೆ. ಬಡ್ಡಿಯಿಲ್ಲದ, ಅಡವಿಲ್ಲದ, ಕೊಟ್ಟವನಿಗೇ ಸಾಲವೆಂದು ತಿಳಿಯದ ಸಾಲವಿದು. ವರ್ಷವೊಂದರ ನಷ್ಟವನ್ನೆಲ್ಲ ಮುಚ್ಚಿಡಲು ಇದು ಸಾಕು. ಹಣ ಇನ್ನೂ ಬೇಕಾದರೆ ಮುಂದಿನ ತಿಂಗಳುಗಳ ಟಿಕೆಟ್ಟುಗಳನ್ನು ರಿಯಾಯಿತಿಯಲ್ಲಿ ಮಾರಬಹುದು. ಮುಂಗಡ ಬೆಳೆಯುತ್ತದೆ, ಅದರ ಹಿಂದೆಯೇ ನಷ್ಟವೂ ಬೆಳೆಯುತ್ತದೆ. ಬಾಡಿಗೆ ಬಾಕಿಯಾಗಿದೆಯೆಂಬ ಸುದ್ದಿ ಹಬ್ಬಿದೊಡನೆ ಜನ ಮುಂಗಡ ಕೊಡುವುದನ್ನು ನಿಲ್ಲಿಸುತ್ತಾರೆ. ಆಗ ಹೊಸ ಹಣವಿಲ್ಲ. ಹಳೆಯ ಹಣ ಖರ್ಚಾಗಿದೆ. ಹಾರಿಸಬೇಕಾದ ಪ್ರಯಾಣಗಳು ಮಾತ್ರ ಉಳಿದಿವೆ. ನಿಧಾನವಾಗಿ ಬೆಳೆದ ರೋಗ ಸಾವನ್ನು ಮಾತ್ರ ಥಟ್ಟನೆ ತರುವುದು ಇದರಿಂದಲೇ.

ನಷ್ಟ ಯಾರ ಪಾಲಿಗೆ?

ವಿಮಾನದ ನಿಜವಾದ ಮಾಲಿಕ ಬಹುಮಟ್ಟಿಗೆ ವಿದೇಶದ ಬಾಡಿಗೆ ಸಂಸ್ಥೆ. ವಿಮಾನ ಹಾರಿಹೋಗಬಲ್ಲ ಆಸ್ತಿ. ಅದನ್ನು ಇನ್ನೊಂದು ದೇಶದಲ್ಲಿ ಮತ್ತೊಬ್ಬರಿಗೆ ಬಾಡಿಗೆಗೆ ಕೊಡಬಹುದು. ಈ ಮಾಲಿಕರ ಹಕ್ಕನ್ನು 2025ರ ಕಾನೂನೊಂದು ನಮ್ಮ ದೇಶದಲ್ಲಿ ಇನ್ನಷ್ಟು ಭದ್ರಪಡಿಸಿತು. ಇದಕ್ಕೂ ನ್ಯಾಯವಾದ ಕಾರಣವುಂಟು: ಮಾಲಿಕನಿಗೆ ಭಯವಿದ್ದರೆ ಬಾಡಿಗೆ ಏರಿ, ಅದು ಟಿಕೆಟ್ಟಿನ ಮೇಲೆಯೇ ಬೀಳುತ್ತದೆ.

ವಿಮಾನ ಹೋದ ಮೇಲೆ ಉಳಿಯುವುದು ಮೇಜು, ಕುರ್ಚಿ, ಏಣಿ ಮುಂತಾದುವು. ಅವನ್ನು ಮಾರಿ ಬಂದ ಹಣ ಹಂಚುವ ಕ್ರಮವನ್ನು 2016ರ ದಿವಾಳಿ ಸಂಹಿತೆಯು ನಿಗದಿಮಾಡಿದೆ. ಮೊದಲು ಆ ಪ್ರಕ್ರಿಯೆಯ ಖರ್ಚು, ಆಮೇಲೆ ಅಡವಿಟ್ಟುಕೊಂಡು ಸಾಲ ಕೊಟ್ಟವರು, ಅವರ ಸಮಕ್ಕೆ ಕಾರ್ಮಿಕರ 24 ತಿಂಗಳ ಬಾಕಿ, ಬಳಿಕ ಉಳಿದ ನೌಕರರ 12 ತಿಂಗಳ ಬಾಕಿ, ನಂತರ ಅಡವಿಲ್ಲದ ಹಣಕಾಸಿನ ಸಾಲಗಾರರು, ಆಮೇಲೆ ಸರಕಾರ. ಇನ್ನುಳಿದ ಬಾಕಿದಾರರು ಇವರೆಲ್ಲರ ಹಿಂದೆ. ಟಿಕೆಟ್ಟು ಕೊಂಡವನೂ ಇಂಧನ, ಊಟ ಒದಗಿಸಿದವನೂ ನಿಲ್ಲುವುದು ಅಲ್ಲಿ. ಸರದಿ ಅವರವರೆಗೆ ಬರುವ ಹೊತ್ತಿಗೆ ಪಾತ್ರೆಯಲ್ಲಿ ತಳ ಮಾತ್ರ ಕಾಣುತ್ತದೆ.

ಲೆಕ್ಕಪುಸ್ತಕದಲ್ಲಿ ಬರೆಯಲಾಗದ ನಷ್ಟವೂ ಒಂದಿದೆ. ವಿಮಾನವನ್ನು ನೆಚ್ಚಿ ಕಚೇರಿ ತೆರೆದವನು, ದೂರದ ಆಸ್ಪತ್ರೆಗೆ ಹೋಗಿಬರಲು ಅದನ್ನೇ ನಂಬಿದ ರೋಗಿ, ಇವರಿಗೆ ಯಾರೂ ಬಾಕಿದಾರರಲ್ಲ. ಊರಿಗೆ ಆದ ನಷ್ಟಕ್ಕೆ ಅರ್ಜಿ ಸಲ್ಲಿಸುವ ಸ್ಥಳವೇ ಇಲ್ಲ.

ಸರಕಾರದ ಊರೆಗೋಲು

ಸಣ್ಣ ಊರುಗಳ ಹಾರಾಟಕ್ಕೆ ನೆರವು ಕೊಡುವ ಉಡಾನ್ ಯೋಜನೆಯಲ್ಲಿ 2017ರಿಂದ ವಿಮಾನಗಳು ಹಾರಿದವು. ದೊಡ್ಡ ಮಾರ್ಗಗಳ ಹಾರಾಟದ ಮೇಲೆ ಸುಂಕ ವಿಧಿಸಿ, ಆ ಹಣದಿಂದ ಸಣ್ಣ ಮಾರ್ಗದ ಕೊರತೆಯನ್ನು ಮೂರು ವರ್ಷ ತುಂಬಿಕೊಡುವುದು ಅದರ ಕ್ರಮ. ಮಹಾಲೇಖಪಾಲರ 2023ರ ವರದಿಯಂತೆ, ಮೊದಲ ಹಂತಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ; ಮೂರು ವರ್ಷ ಪೂರೈಸಿದ್ದು 112; ನೆರವು ಮುಗಿದ ಮೇಲೂ ಮುಂದುವರಿದದ್ದು 54. ಊರೆಗೋಲು ಹಿಡಿದು ನಡೆದವನಿಗೆ ಕಾಲು ಬಂದಿದೆಯೆಂದು ಹೇಳಲಾಗದು. ಉಳಿದುಕೊಂಡವರೂ ಇಲ್ಲದಿಲ್ಲ: 2019ರಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟ ಆರಂಭಿಸಿದ ಸ್ಟಾರ್ ಏರ್, ಬೇರೆ ಉದ್ಯಮಗಳುಳ್ಳ ಒಡೆಯರ ಬಂಡವಾಳವೂ ಈ ನೆರವೂ ಕೂಡಿಬಂದುದರಿಂದ ತನ್ನ ವಿಮಾನಗಳನ್ನು ಹೆಚ್ಚಿಸಿಕೊಂಡಿತು.

ಮಾಡಬಹುದಾದದ್ದೇನು?

ಹತ್ತಿರದ ಊರುಗಳ ಹಾರಾಟವನ್ನು ಲಾಭದಾಯಕವಾಗಿ ಮಾಡುವ ಮಂತ್ರ ಯಾರಲ್ಲಿಯೂ ಇಲ್ಲ. ಗುರುತ್ವಾಕರ್ಷಣೆ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಆದರೆ ನಷ್ಟವನ್ನು ಯಾರು ಹೊರಬೇಕೆಂಬುದು ಪ್ರಕೃತಿಯ ನಿಯಮವಲ್ಲ. ಮನುಷ್ಯರು ಮಾಡಿದ ಏರ್ಪಾಡು. ಬ್ರಿಟನ್ನಿನಲ್ಲಿ 1973ರಿಂದ ಪ್ರವಾಸ ಏರ್ಪಡಿಸುವ ಸಂಸ್ಥೆಗಳಿಗೆ ಒಂದು ಲೈಸೆನ್ಸು ಪದ್ಧತಿಯಿದೆ. ಪ್ರವಾಸಿಗನೊಬ್ಬನಿಗೆ ಎರಡೂವರೆ ಪೌಂಡಿನಂತೆ ನಿಧಿಗೆ ಸಂದಾಯವಾಗುತ್ತದೆ. ಸಂಸ್ಥೆ ಮುಳುಗಿದರೆ ಆ ನಿಧಿಯಿಂದ ಹಣ ಹಿಂದಿರುಗುತ್ತದೆ, ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲಾಗುತ್ತದೆ. ಬರಿಯ ವಿಮಾನದ ಟಿಕೆಟ್ಟು ಕೊಂಡವರಿಗೆ ಸಾಮಾನ್ಯವಾಗಿ ಈ ರಕ್ಷಣೆಯಿಲ್ಲ. ಆದರೂ ತತ್ತ್ವ ಅನುಕರಣೀಯವಾದುದು.

ಇದಕ್ಕಿಂತ ಸರಳವಾದ ಉಪಾಯವೂ ಉಂಟು. ಪ್ರಯಾಣಿಕರ ಮುಂಗಡವನ್ನು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿಟ್ಟು, ವಿಮಾನ ಗುರಿಮುಟ್ಟಿದ ಬಳಿಕವೇ ಸಂಸ್ಥೆಗೆ ಬಿಡುಗಡೆ ಮಾಡಬಹುದು. ಹಾಗೆ ಮಾಡಿದರೆ ಸಣ್ಣ ಸಂಸ್ಥೆಗಳು ಹುಟ್ಟುವುದೇ ಕಷ್ಟವೆಂಬ ಆಕ್ಷೇಪಣೆ ಬರುತ್ತದೆ. ಟಿಕೆಟ್ಟಿನ ದರ ತುಸು ಏರುವುದೂ ನಿಜ. ಊರಿಗೆ ಬಂದ ವಿಮಾನ ಹದಿನಾರು ತಿಂಗಳಿಗೆ ನಿಲ್ಲುವುದಕ್ಕಿಂತ ತುಸು ಹೆಚ್ಚಿನ ದರಕ್ಕೆ ನೆಲೆಯಾಗಿ ನಿಲ್ಲುವುದು ಮೇಲೆಂದು ನಮ್ಮ ಅಭಿಪ್ರಾಯ. ಪ್ರಯಾಣಿಕನ ಮುಂಗಡವನ್ನು ಮುಟ್ಟದೆ ಬದುಕಲಾರದ ಸಂಸ್ಥೆ, ಆ ಹಣ ಕರಗುವ ಮುನ್ನವೇ ತನ್ನ ಅಶಕ್ತತೆಯನ್ನು ಒಪ್ಪಿಕೊಳ್ಳುವಂತಾಗಲಿ.