ಹೊಕ್ಕುಳ ಪಕ್ಕದ ಬರೆ

ನಮ್ಮ ಮನೆಯವರ ಹೊಟ್ಟೆಯ ಮೇಲೆ, ಹೊಕ್ಕುಳಿನಿಂದ ಎರಡು ಬೆರಳು ಆಚೆ, ಬಳೆಚೂರಿನ ಆಕಾರದ ಕಲೆಯೊಂದಿದೆ. ಮದುವೆಯಾದ ಹೊಸತರಲ್ಲಿ ಕೇಳಿದ್ದೆ. “ಚಿಕ್ಕವನಿದ್ದಾಗ ಏನೋ ಸುಟ್ಟಿದ್ದಂತೆ” ಎಂದು ಅಷ್ಟಕ್ಕೇ ಮುಗಿಸಿದ್ದರು. ಆ ಕಲೆಯ ಕಥೆ ಗೊತ್ತಾದದ್ದು ನಮ್ಮ ಮಗನಿಗೆ ಒಂದೂವರೆ ವರ್ಷವಾಗಿದ್ದಾಗ, ಪೇಟೆಯ ಆಸ್ಪತ್ರೆಯಲ್ಲಿ.

ಆಷಾಢದ ಮಳೆ ಹಿಡಿದಿತ್ತು. ಬೆಳಿಗ್ಗೆಯಿಂದ ಪಾಪುವಿಗೆ ನೆಗಡಿ, ಮೈ ಸ್ವಲ್ಪ ಬಿಸಿ. ಮಧ್ಯಾಹ್ನ ಗಂಜಿ ಕುಡಿದು ಆಡಿಕೊಂಡೇ ಇದ್ದ. ದೀಪ ಹಚ್ಚುವ ಹೊತ್ತಿಗೆ ನನ್ನ ಮಡಿಲಲ್ಲಿ ಮಲಗಿದ್ದವನು ಒಮ್ಮೆಲೇ ಸೆಟೆದುಕೊಂಡ. ಕಣ್ಣುಗುಡ್ಡೆ ಮೇಲಕ್ಕೆ ಹೋದವು. ಕೈಕಾಲು ಅದುರತೊಡಗಿದವು, ಬಾಯಂಚಿನಲ್ಲಿ ನೊರೆ, ತುಟಿ ನೀಲಿ. ಎಷ್ಟು ಕೂಗಿದರೂ ಓಗೊಡಲಿಲ್ಲ. ಮಗು ಹೋಯಿತು ಅಂದುಕೊಂಡೆ. ಇದನ್ನು ಬರೆಯುವಾಗಲೂ ಬೆರಳು ತಣ್ಣಗಾಗುತ್ತವೆ.

ಅತ್ತೆ ಒಳಗಿನಿಂದ ಓಡಿ ಬಂದರು. “ಬಾಲಗ್ರಹ ಕಣೇ, ಕೈಗೆ ಕಬ್ಬಿಣ ಹಿಡಿಸು” ಎನ್ನುತ್ತ ಕೊಟ್ಟಿಗೆಯ ಬೀಗದಕೈಯನ್ನು ಅವನ ಮುಷ್ಟಿಗೆ ತುರುಕಿದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಕಚ್ಚಿಕೊಂಡ ಹಲ್ಲು ಬಿಡಿಸಲು ಚಮಚ ಹುಡುಕುತ್ತಿದ್ದೆ. ಕೂಗಾಟ ಕೇಳಿ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಬಂದಳು. ಅವಳ ಮಾತು ಇನ್ನೂ ಕಿವಿಯಲ್ಲಿದೆ: “ಬಾಯಿಗೆ ಏನೂ ಹಾಕಬೇಡಿ ಅಕ್ಕ. ಮಗ್ಗುಲಿಗೆ ಮಲಗಿಸಿ. ಗಡಿಯಾರ ನೋಡಿ.”

ಮಗ್ಗುಲಾಗಿಸಿದ ಕೂಡಲೇ ಬಾಯಲ್ಲಿದ್ದ ಜೊಲ್ಲು ಹೊರಗೆ ಹರಿಯಿತು. ಅದು ಉಸಿರುದಾರಿಗೆ ಇಳಿಯಬಾರದು ಎಂದೇ ಮಗ್ಗುಲಿಗೆ ಮಲಗಿಸುವುದು. ಬಾಯಿಗೆ ನೀರು ಬಿಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದಿತ್ತು, ಚಮಚದಿಂದ ಹಲ್ಲು ಮುರಿಯಬಹುದಿತ್ತು. ನಾಲಿಗೆ ನುಂಗಿಬಿಡುತ್ತದೆ ಎಂಬ ನನ್ನ ಭಯಕ್ಕೆ ಬುಡವೇ ಇರಲಿಲ್ಲ. ಅದುರುವ ಕೈಕಾಲನ್ನು ಅದುಮಿ ಹಿಡಿಯಲೂ ಬಾರದು. ಗೋಡೆ ಗಡಿಯಾರದಲ್ಲಿ ಸುಮಾರು ಮೂರು ನಿಮಿಷ ಕಳೆಯುವಷ್ಟರಲ್ಲಿ ಅದುರಾಟ ತಾನಾಗಿ ನಿಂತಿತು. ಮಗು ದೊಡ್ಡ ಉಸಿರೆಳೆದು ನಿದ್ದೆಗೆ ಜಾರಿತು.

ಜೀಪಿನಲ್ಲಿ ಪೇಟೆಗೆ ಹೋದೆವು. ಮಕ್ಕಳ ಡಾಕ್ಟರು ಕಿವಿ, ಗಂಟಲು ನೋಡಿದರು, ಕುತ್ತಿಗೆ ಬಗ್ಗಿಸಿ ನೋಡಿದರು. ಮಿದುಳ ಪೊರೆಯ ಸೋಂಕಿನ ಲಕ್ಷಣ ಇಲ್ಲವೆಂದು ಖಾತ್ರಿಯಾದ ಮೇಲೆ, “ಇದು ಜ್ವರದ ಫಿಟ್ಸ್” ಎಂದರು. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಬರುವಂಥದ್ದು. ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಜ್ವರ ತಡೆದುಕೊಳ್ಳಲಾಗದೆ ಹೀಗಾಗುತ್ತದೆ. ಎಷ್ಟೋ ಸಲ ಜ್ವರ ಇದೆ ಎಂದು ಮನೆಯವರಿಗೆ ತಿಳಿಯುವುದೇ ಫಿಟ್ಸ್ ಬಂದ ಮೇಲೆ.

ಆಮೇಲೆ ಕೇಳಿದರು: “ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಬಂದಿತ್ತಾ?”

ನಾವಿಬ್ಬರೂ ಇಲ್ಲವೆಂದು ತಲೆಯಾಡಿಸಿದೆವು. ಅತ್ತೆ ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತಿದ್ದರು. “ಇವನಿಗೇ ಬಂದಿತ್ತು” ಎಂದರು, ಮಗನ ಕಡೆ ನೋಡದೆ. “ಎರಡು ವರ್ಷ ಆಗ. ಇನ್ನೊಂದು ಸಲ ಬರದಿರಲಿ ಅಂತ ಬಳೆಚೂರು ಕಾಯಿಸಿ ಬರೆ ಹಾಕಿಸಿದ್ವಿ.”

ಜ್ವರದ ಫಿಟ್ಸ್ ಮನೆತನದಲ್ಲಿ ಹರಿದು ಬರುವುದುಂಟು. ಹೀಗೆ ಒಂದು ಪ್ರಶ್ನೆಗೆ ನನ್ನ ಗಂಡನ ಹೊಟ್ಟೆಯ ಕಲೆಯೂ ನನ್ನ ಮಗನ ಕಾಯಿಲೆಯೂ ಒಂದೇ ದಾರದಲ್ಲಿ ಬಂದು ಕೂತವು.

ಆ ರಾತ್ರಿಯೆಲ್ಲ ನಾನು ಯೋಚಿಸಿದ್ದು ಇದನ್ನೇ. ಈ ಫಿಟ್ಸ್ ಬಹುಪಾಲು ಐದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ನಿಂತ ಹೊತ್ತಿಗೆ ನಮ್ಮ ಕೈಯಲ್ಲಿ ಏನಿತ್ತೋ, ಬೀಗದಕೈಯೋ ಈರುಳ್ಳಿಯೋ, ಅದೇ ಮಗುವನ್ನು ಉಳಿಸಿತು ಅನ್ನಿಸುತ್ತದೆ. ಮೊದಲ ಸಲ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮಾತ್ರ ಮತ್ತೆ ಬರುತ್ತದೆ; ಬರದೆ ಉಳಿದ ಮಕ್ಕಳೆಲ್ಲರ ಲೆಕ್ಕ ಬರೆಗೆ ಹೋಗುತ್ತದೆ. ನಮ್ಮ ಅತ್ತೆ ಕ್ರೂರಿಯಲ್ಲ. ಮಗುವನ್ನು ಕಳೆದುಕೊಳ್ಳುವ ಭಯದಲ್ಲಿ ಇದ್ದವರಿಗೆ ಬೇರೆ ದಾರಿಯನ್ನು ಯಾರೂ ಹೇಳಿರಲಿಲ್ಲ, ಅಷ್ಟೇ. ಆದರೆ ಬರೆ ಹಾಕುವುದು ಇವತ್ತೂ ಅಲ್ಲಲ್ಲಿ ನಡೆಯುತ್ತಿದೆ. ಸುಟ್ಟ ಗಾಯ ಕೀವಾಗಿ ನಂಜೇರಿದರೆ ಏನೂ ಮಾಡದ ಫಿಟ್ಸ್‌ಗಿಂತ ಅದೇ ಮಗುವಿಗೆ ಮುಳುವಾಗುತ್ತದೆ.

ಮಗುವಿನ ಬುದ್ಧಿಗೆ ಪೆಟ್ಟು ಬೀಳುತ್ತದಾ ಎಂದು ನಾನೇ ಎರಡು ಸಲ ಕೇಳಿದೆ. ಇಂಥ ಚಿಕ್ಕ ಫಿಟ್ಸ್‌ನಿಂದ ಬೀಳುವುದಿಲ್ಲ ಎಂದರು ಡಾಕ್ಟರು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಮುಂದೆ ಅಪಸ್ಮಾರವೂ ಬರುವುದಿಲ್ಲ. ಪ್ಯಾರಸಿಟಮಾಲ್ ಕೊಟ್ಟರೆ ಮಗುವಿಗೆ ಆರಾಮ ಸಿಗುತ್ತದೆ, ಆದರೆ ಫಿಟ್ಸ್ ತಡೆಯುತ್ತದೆಂಬ ಭರವಸೆ ಇಲ್ಲ ಎಂದು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಗಡಿಯಾರದ ಮಹತ್ವವನ್ನೂ ಅವರೇ ಬಿಡಿಸಿ ಹೇಳಿದರು: ಐದು ನಿಮಿಷ ದಾಟಿದರೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ಒಂದೇ ದಿನದಲ್ಲಿ ಎರಡನೇ ಸಲ ಬಂದರೆ, ಮೈಯ ಒಂದೇ ಪಕ್ಕ ಅದುರಿದರೆ, ನಿಂತು ಗಂಟೆಯಾದರೂ ಮಗು ಸರಿಯಾಗಿ ಎಚ್ಚರವಾಗದಿದ್ದರೆ ಆಸ್ಪತ್ರೆಗೆ ಓಡಬೇಕು. ಮೊದಲ ಸಲ ಬಂದಾಗಲಂತೂ ನಿಂತರೂ ತೋರಿಸಲೇಬೇಕು. ಐದು ನಿಮಿಷ ಮೀರಿದರೆ ಬಳಸಲು ಮೂಗಿಗೆ ಹಾಕುವ ಮಿಡಜೊಲಾಮ್ ಸ್ಪ್ರೇ ಬರೆದುಕೊಟ್ಟರು, ಎಷ್ಟು ಹಾಕಬೇಕೆಂದು ತೂಕ ನೋಡಿ ಹೇಳಿದರು.

ಕಾರ್ತಿಕದಲ್ಲಿ ಮತ್ತೆ ಬಂತು. ನಾನು ಮಗುವನ್ನು ಮಗ್ಗುಲಾಗಿಸಿ ಹಿಡಿದಿದ್ದೆ. ಅತ್ತೆ ಗೋಡೆಗೆ ಮುಖ ಮಾಡಿ ನಿಂತು ಗಡಿಯಾರ ನೋಡುತ್ತಿದ್ದರು. ಎರಡು ನಿಮಿಷಕ್ಕೆ ನಿಂತಿತು. ಸ್ಪ್ರೇ ಬೇಕಾಗಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗನನ್ನು ಕೇಳಿದರು: “ಆ ಬರೆ ಹಾಕಿದಾಗ ತುಂಬಾ ಉರಿದಿತ್ತೇನೋ?”

“ನಂಗೆ ನೆನಪಿಲ್ಲ, ಅಮ್ಮ.”

“ನಂಗಿದೆ” ಎಂದರು ಅತ್ತೆ.