ನಿಂತುಹೋದ ತಂತ್ರಾಂಶವೂ ನಮ್ಮ ಜಾಲತಾಣವೂ

ಪುಣೆಯಲ್ಲಿ ಬಾಡಿಗೆಯ ಮನೆಯಲ್ಲಿರುವವರಿಗೆ ಹನ್ನೊಂದು ತಿಂಗಳ ಕರಾರು ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಧಿ ತುಂಬುವ ಹೊತ್ತಿಗೆ ಮಾಲಕರು ಬಂದು, "ಮುಂದಿನ ತಿಂಗಳಿಂದ ಮನೆ ನಮಗೇ ಬೇಕು" ಎಂದುಬಿಟ್ಟರೆ ವಾದಿಸಿ ಫಲವಿಲ್ಲ. ಟ್ರಂಕು, ಹಾಸಿಗೆ, ಕೊಡ, ರೊಟ್ಟಿಯ ಹಂಚು ಇವೆಲ್ಲ ನಮ್ಮ ಸಂಗಡ ಟೆಂಪೋ ಏರುತ್ತವೆ. ಗೋಡೆಗೆ ಮೊಳೆ ಬಡಿದು ಕೂಡಿಸಿದ ಹಲಗೆಗಳೂ, ಅಂಗಳದಲ್ಲಿ ನೆಟ್ಟ ಕರಿಬೇವಿನ ಗಿಡವೂ ಅಲ್ಲಿಯೇ ಉಳಿಯುತ್ತವೆ. ಈ ಊರಿಗೆ ಬಂದ ಹನ್ನೆರಡು ವರ್ಷಗಳಲ್ಲಿ ನಾನು ಐದು ಸಲ ಮನೆ ಬದಲಿಸಿದ್ದೇನೆ. ಆದ್ದರಿಂದ ಯಾವುದು ಸಂಗಡ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ತಿಳಿದಿದೆಯೆಂದು ಭಾವಿಸಿದ್ದೆ. ಶಾಲೆಯ ಜಾಲತಾಣದ ವಿಷಯದಲ್ಲಿ ಆ ತಿಳಿವಳಿಕೆ ನನ್ನ ಉಪಯೋಗಕ್ಕೆ ಬರಲಿಲ್ಲ.

ನಡೆದುದು ಇಷ್ಟು. 2022ರಲ್ಲಿ 9ನೆಯ ಇಯತ್ತೆಯ ವಿದ್ಯಾರ್ಥಿಗಳು "ನಮ್ಮ ಮನೆಯವರು ಪುಣೆಗೆ ಬಂದ ಬಗೆ" ಎಂಬ ವಿಷಯವನ್ನು ಹಿಡಿದು, ಮನೆಯ ಹಿರಿಯರನ್ನು ಕೇಳಿ, ಒಬ್ಬೊಬ್ಬರು ಒಂದೊಂದು ಪುಟ ಬರೆದರು. ಒಟ್ಟು 41 ಪುಟಗಳಾದವು. ಕೆಲವರು ಅಜ್ಜ ಅಜ್ಜಿಯರ ಧ್ವನಿಯನ್ನೂ ಮುದ್ರಿಸಿಕೊಂಡರು. ಇದನ್ನೆಲ್ಲ ಜಾಲತಾಣಕ್ಕೆ ಏರಿಸಲು ಬಿಟ್ಟಿಯಾಗಿ ದೊರಕುತ್ತಿದ್ದ ಒಂದು ಸುಲಭದ ತಂತ್ರಾಂಶವನ್ನು ನಾನೇ ಆರಿಸಿಕೊಟ್ಟೆ. ಚಿತ್ರವನ್ನು ಬೆರಳಿನಿಂದ ಎಳೆದು ಬೇಕಾದಲ್ಲಿ ಕೂಡಿಸಬಹುದು, ಬರಹವನ್ನು ಬೇಕಾದಲ್ಲಿ ಅಂಟಿಸಬಹುದು, ಗುಂಡಿಯೊತ್ತಿದರೆ ಜಗತ್ತಿಗೆಲ್ಲ ಕಾಣುತ್ತದೆ. ಒಂದು ವಾರದಲ್ಲಿ ಕೆಲಸ ಮುಗಿದಾಗ ನನಗೆ ಬಹಳ ಹಿಗ್ಗಾಯಿತು.

ಕಳೆದ ವರ್ಷ ಆ ತಂತ್ರಾಂಶದ ತಯಾರಕರಿಂದ ಇಂಗ್ಲಿಷಿನಲ್ಲಿ ಒಂದು ಇ-ಮೇಲ್ ಬಂದಿತು. ದಿನವೂ ಬರುವ ಜಾಹೀರಾತುಗಳ ನಡುವೆ ಅದೂ ಒಂದೆಂದು ತಿಳಿದು ನಾನು ಬದಿಗಿಟ್ಟೆ. ಈ ತಂತ್ರಾಂಶವನ್ನು ಇನ್ನು ಮುಂದೆ ನಡೆಸುವುದಿಲ್ಲ, ಇಂಥ ದಿನದ ತರುವಾಯ ಅದರಲ್ಲಿ ಕಟ್ಟಿದ ತಾಣಗಳೂ ಇರುವುದಿಲ್ಲ ಎಂಬುದು ಅದರ ಒಕ್ಕಣೆ. ಅವರು ನಾಲ್ಕು ತಿಂಗಳ ಅವಧಿ ಕೊಟ್ಟಿದ್ದರು. ನಾನು ಅದನ್ನು ಓದಿದ ದಿನ ಇಪ್ಪತ್ತೆರಡು ದಿನಗಳು ಉಳಿದಿದ್ದವು. ತಪ್ಪು ಯಾರದೆಂದು ನೀವೇ ಹೇಳಬಲ್ಲಿರಿ.

ಹೀಗಾದಾಗ ಮಾಡಬೇಕಾದುದೇನು ಎಂಬುದನ್ನು ತಿಳಿಯುವ ಮೊದಲು ಜಾಲತಾಣದ ರಚನೆಯನ್ನು ಸ್ವಲ್ಪ ನೋಡೋಣ. ಜಾಲತಾಣವೆಂಬುದು ಒಂದೇ ವಸ್ತುವಲ್ಲ. ಅದಕ್ಕೊಂದು ಹೆಸರು ಅಥವಾ ವಿಳಾಸವಿರುತ್ತದೆ. ಇದನ್ನು ವರ್ಷವರ್ಷಕ್ಕೆ ಹಣ ತೆತ್ತು ಉಳಿಸಿಕೊಳ್ಳಬೇಕು. ಅದರ ಪುಟಗಳನ್ನು ಇರಿಸಲು ಸದಾ ಎಚ್ಚರವಾಗಿರುವ ಒಂದು ಗಣಕಯಂತ್ರ ಬೇಕು. ಇದಕ್ಕೆ ಸರ್ವರ್ ಎನ್ನುತ್ತಾರೆ. ಇನ್ನು ಪುಟಗಳು. ಇವು ಎಚ್‌ಟಿಎಂಎಲ್ ಎಂಬ ಗುರುತಿನ ಭಾಷೆಯಲ್ಲಿರುತ್ತವೆ: ಇದು ಶೀರ್ಷಿಕೆ, ಇಲ್ಲಿಂದ ಪರಿಚ್ಛೇದ ಆರಂಭ, ಇಲ್ಲೊಂದು ಚಿತ್ರ ಎಂದು ಬರಹದ ಅಕ್ಕಪಕ್ಕ ಹಾಕಿದ ಗುರುತುಗಳೇ ಹೊರತು ಬೇರೆ ಮಾಯೆಯೇನಲ್ಲ. ಈ ಗುರುತುಗಳು ಯಾವ ಕಂಪನಿಯ ಸೊತ್ತೂ ಅಲ್ಲ. ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದಾಗ ಈ ಜಾಲವನ್ನು ರೂಪಿಸಿದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಸರ್ವರ ಉಪಯೋಗಕ್ಕೆ ಬಿಟ್ಟುಕೊಟ್ಟಿತು. ಆ ಕಾಲದಲ್ಲಿ ಬರೆದ ಸರಳ ಪುಟಗಳು ಮೂವತ್ತು ವರ್ಷಗಳಾದ ಮೇಲೆ ಇಂದಿನ ಮೊಬೈಲಿನಲ್ಲಿಯೂ ತೆರೆದುಕೊಳ್ಳುತ್ತವೆ.

ಈ ಗುರುತುಗಳನ್ನು ನಾವು ಕಲಿಯದಿದ್ದರೂ ನಮ್ಮ ಪರವಾಗಿ ಹಾಕಿಕೊಡುವುದೇ ಸುಲಭದ ತಂತ್ರಾಂಶದ ಕೆಲಸ. ಆದರೆ ಅದು ಸಿದ್ಧವಾದ ಪುಟವನ್ನು ಹೊರಗೆ ಕಳುಹಿಸುವುದಲ್ಲದೆ, ತನಗಾಗಿ ಒಂದು ಅಚ್ಚನ್ನು ಬೇರೆ ಇಟ್ಟುಕೊಂಡಿರುತ್ತದೆ. ಮುಂದೆ ಒಂದಕ್ಷರ ತಿದ್ದಬೇಕೆಂದರೂ ಆ ಅಚ್ಚನ್ನೇ ತೆರೆಯಬೇಕು, ಆ ಅಚ್ಚನ್ನು ಆ ತಂತ್ರಾಂಶವೊಂದೇ ತೆರೆಯಬಲ್ಲದು. ಹೆಸರು, ನೆಲೆ, ಪುಟ, ಅಚ್ಚು ಈ ನಾಲ್ಕರಲ್ಲಿ ಯಾವುದು ನಿಮ್ಮ ಕೈಯಲ್ಲಿದೆ, ಯಾವುದು ತಯಾರಕರ ಕೈಯಲ್ಲಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಇಂಥ ಪ್ರಸಂಗ ನಮಗೊಬ್ಬರಿಗೇ ಬಂದುದಲ್ಲ. ಮೈಕ್ರೋಸಾಫ್ಟ್ ಕಂಪನಿಯ ಫ್ರಂಟ್‌ಪೇಜ್ ಎಂಬ ತಂತ್ರಾಂಶವನ್ನು ಒಂದು ಕಾಲದಲ್ಲಿ ಶಾಲೆಗಳೂ ಅಂಗಡಿಕಾರರೂ ಬಹಳವಾಗಿ ಬಳಸುತ್ತಿದ್ದರು. 2003ರ ಆವೃತ್ತಿಯೇ ಕೊನೆಯದಾಯಿತು. 2006ರಲ್ಲಿ ಅದನ್ನು ನಿಲ್ಲಿಸುವುದಾಗಿ ಸಾರಿದರು. ಅದರಿಂದ ಮಾಡಿದ ಪುಟಗಳೇನೋ ಅಳಿಯಲಿಲ್ಲ. ಆದರೆ ಎಷ್ಟು ಜನ ಬಂದರೆಂದು ಎಣಿಸುವ ಪಟ್ಟಿ, ಓದುಗರು ತುಂಬಿ ಕಳುಹಿಸುವ ಅರ್ಜಿ, ತಾಣದೊಳಗಿನ ಹುಡುಕಾಟ ಇವುಗಳಿಗೆ ಸರ್ವರಿನಲ್ಲಿಯೂ ಅದೇ ಕಂಪನಿಯ ಸಹಾಯಕ ತಂತ್ರಾಂಶವಿರಬೇಕಾಗಿತ್ತು. ಸರ್ವರಿನವರು ಅದನ್ನು ತೆಗೆದುಹಾಕಿದಂತೆಲ್ಲ ಈ ಭಾಗಗಳು ಒಂದೊಂದಾಗಿ ಕೈಕೊಟ್ಟವು.

ಆ್ಯಪಲ್ ಕಂಪನಿಯ ಐವೆಬ್ 2006ರಲ್ಲಿ ಬಂದಿತು. ನೋಡಲು ಅತಿ ಸುಂದರ. ಆದರೆ ಅಲಂಕಾರದ ಕೆಲವು ಬರಹಗಳನ್ನು ಅದು ಗುಟ್ಟಾಗಿ ಚಿತ್ರವನ್ನಾಗಿ ಮಾಡಿಬಿಡುತ್ತಿತ್ತು. ಅದರ ತಾಣಗಳಿಗೆ ನೆಲೆಯಾಗಿದ್ದ ಮೊಬೈಲ್‌ಮಿ ಸೇವೆ 2012ರ ಜೂನ್ 30ರಂದು ಮುಚ್ಚಿತು. ಪುಟಗಳನ್ನು ಬೇರೆಡೆಗೆ ಸಾಗಿಸಿದವರು ಹಳೆಯ ಯಂತ್ರದಲ್ಲಿ ಐವೆಬ್ಬನ್ನು ಇಟ್ಟುಕೊಂಡು ಕೆಲವು ವರ್ಷ ನಡೆಸಿದರು. 2019ರಲ್ಲಿ ಬಂದ ಹೊಸ ಮ್ಯಾಕ್ ವ್ಯವಸ್ಥೆಯಲ್ಲಿ ಅದು ಏಳಲೇ ಇಲ್ಲ. ನಿಂತ ತಂತ್ರಾಂಶವನ್ನು ಹಳೆಯ ಯಂತ್ರದಲ್ಲಿ ಸಾಕಿಕೊಳ್ಳುವುದು ಉಸಿರಾಡಲು ಸಮಯ ಕೊಡುತ್ತದೆ. ಅದನ್ನೇ ನೆಚ್ಚಿ ಕೂಡುವಂತಿಲ್ಲ.

ಅಡೋಬಿಯ ಮ್ಯೂಸ್ ವಿಷಯದಲ್ಲಿ ಬಳಕೆದಾರರಿಗೆ ಸಾಕಷ್ಟು ಕಾಲ ದೊರಕಿತು: 2018ರ ಮಾರ್ಚ್ 26ರಂದು ಬೆಳವಣಿಗೆ ನಿಲ್ಲಿಸಿ, 2020ರ ಮಾರ್ಚ್ 26ರ ವರೆಗೆ ನೆರವು ಕೊಟ್ಟರು. ಎಲ್ಲಕ್ಕಿಂತ ದೊಡ್ಡ ನಷ್ಟ ಜಿಯೋಸಿಟೀಸ್‌ನದು. ಅಲ್ಲಿ ಹೆಸರೂ ನೆಲೆಯೂ ಅಚ್ಚೂ ಎಲ್ಲ ಒಬ್ಬರ ಕೈಯಲ್ಲಿಯೇ ಇದ್ದವು. ಯಾಹೂ ಕಂಪನಿ 2009ರ ಅಕ್ಟೋಬರ್ 26ರಂದು ಅದನ್ನು ಮುಚ್ಚಿದಾಗ ಸಾಮಾನ್ಯ ಜನರು ಬರೆದ ಲೆಕ್ಕವಿಲ್ಲದಷ್ಟು ಪುಟಗಳು ಜಾಲದಿಂದ ಮರೆಯಾದವು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ ಕೆಲವು ಸ್ವಯಂಸೇವಕರೂ ಕೊನೆಯ ತಿಂಗಳುಗಳಲ್ಲಿ ಹಗಲಿರುಳು ಪ್ರತಿ ತೆಗೆದುದರಿಂದ ಒಂದು ಭಾಗ ಮಾತ್ರ ಉಳಿದಿದೆ.

ಕನ್ನಡದವರಾದ ನಮಗೆ ಇನ್ನೊಂದು ತೊಡಕು ಉಂಟು. ಅದರ ಕಥೆಯಲ್ಲಿ ಈ ಪುಣೆಯದೂ ಪಾತ್ರವಿದೆಯೆಂಬುದು ನಿಮಗೆ ಸಂತೋಷವಾಗಬಹುದು. ಗಣಕಕ್ಕೆ ಕನ್ನಡ ತಿಳಿಯದಿದ್ದ ಕಾಲದಲ್ಲಿ ಭಾರತೀಯ ಲಿಪಿಗಳನ್ನು ಅದರಲ್ಲಿ ಮೂಡಿಸಲು ದುಡಿದ ಸಂಸ್ಥೆಗಳಲ್ಲಿ 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಮುಖ್ಯವಾದುದು. ಕನ್ನಡದ ಮುದ್ರಣಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಶ್ರೀಲಿಪಿಯೂ ಈ ಊರಿನ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯದೇ. ಆದರೆ ಅಂದಿನ ಫಾಂಟುಗಳ ಉಪಾಯ ವಿಚಿತ್ರವಾದುದು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳ ಚಿತ್ರವನ್ನು ಕೂಡಿಸುತ್ತಿದ್ದರು. ನಮ್ಮ ಕಣ್ಣಿಗೆ ಕನ್ನಡ, ಗಣಕದ ಹೊಟ್ಟೆಯಲ್ಲಿ ಇಂಗ್ಲಿಷ್! ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಪುಟ ಅರ್ಥವಿಲ್ಲದ ಅಕ್ಷರ ಚಿಹ್ನೆಗಳ ರಾಶಿ. ಒಂದು ಕಂಪನಿಯ ಹಂಚಿಕೆ ಇನ್ನೊಂದರದಕ್ಕೆ ಹೊಂದುತ್ತಲೂ ಇರಲಿಲ್ಲ.

1996ರಲ್ಲಿ ಯು. ಬಿ. ಪವನಜ ಅವರು ವಿಶ್ವಕನ್ನಡವನ್ನು ಆರಂಭಿಸಿದ ಆ ಮೊದಲ ದಿನಗಳಲ್ಲಿ ಕನ್ನಡ ತಾಣ ಕಟ್ಟುವವರಿಗೆಲ್ಲ ಇದೇ ಸಂಕಟ. ಫಾಂಟನ್ನು ಪುಟದ ಜೊತೆಯಲ್ಲಿಯೇ ಕಳುಹಿಸುವ ಉಪಾಯಗಳು ಬಂದವು. ಒಂದು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುವುದು, ಇನ್ನೊಂದು ನೆಟ್‌ಸ್ಕೇಪಿಗೆ ಮಾತ್ರ ಒಗ್ಗುವುದು. ನೆಟ್‌ಸ್ಕೇಪ್ 2008ರಲ್ಲಿ ನಿಂತಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ಅವುಗಳನ್ನೇ ನಂಬಿದ್ದ ಹಳೆಯ ಕನ್ನಡ ಪುಟಗಳು ಎಲ್ಲಿಯಾದರೂ ಉಳಿದಿದ್ದರೂ ಹಾಗೆಯೇ ಓದಲು ಬಾರವು.

ಈ ಸಂಕಟವನ್ನು ಕಳೆದುದು ಯೂನಿಕೋಡ್. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಈ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಬರಹ, ನುಡಿ ಮೊದಲಾದ ತಂತ್ರಾಂಶಗಳೊಡನೆ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ದೊರಕುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಶಬ್ದಗಳನ್ನು ತಪ್ಪದೆ ನೋಡಿರಿ. "ಸೂರ್ಯ" ಎಂಬಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಯಕಾರದ ಮುಂದೆ ಇರಿಸುತ್ತದೆ. ಯೂನಿಕೋಡು ಉಚ್ಚಾರವನ್ನು ಅನುಸರಿಸಿ ರಕಾರವನ್ನು ಮೊದಲು ಬರೆಯುತ್ತದೆ. ತಪ್ಪುಗಳು ಹುಟ್ಟುವುದು ಇಲ್ಲಿಯೇ.

ಈಗ ನಮ್ಮ ಇಪ್ಪತ್ತೆರಡು ದಿನಗಳಿಗೆ ಬರುತ್ತೇನೆ. ಮೊದಲು ನಾನು ಮಾಡಿದುದು ಅವಸರದ ಕೆಲಸ: ಅಂಥದೇ ಇನ್ನೊಂದು ತಂತ್ರಾಂಶವನ್ನು ಹುಡುಕುತ್ತ ಮೂರು ದಿನ ಕಳೆದೆ. ಇದು ತಪ್ಪು. ಮನೆ ಬಿಡುವಾಗ ಮೊದಲು ಸಾಮಾನು ಕಟ್ಟಬೇಕು. ಹೊಸ ಮನೆ ಸಿಗುವ ವರೆಗೆ ಸಾಮಾನು ಗೆಳೆಯರ ಮನೆಯ ಮೂಲೆಯಲ್ಲಿದ್ದರೂ ನಡೆಯುತ್ತದೆ. ನಾಲ್ಕನೆಯ ದಿನ ಎಂಟು ವಿದ್ಯಾರ್ಥಿಗಳು ಕೂಡಿಕೊಂಡು 41 ಪುಟಗಳನ್ನೂ ಒಂದೊಂದಾಗಿ ತೆರೆದು ಬ್ರೌಸರಿನಿಂದಲೇ ಉಳಿಸಿದರು. ತಂತ್ರಾಂಶವೂ ಎಲ್ಲವನ್ನೂ ಒಂದು ಗಂಟಾಗಿ ಕೊಡುತ್ತಿತ್ತು; ಬಿಚ್ಚಿ ನೋಡಿದರೆ ಅದರಲ್ಲಿ ಬರಹ ಮತ್ತು ಚಿತ್ರಗಳಿದ್ದವು, ಧ್ವನಿ ಇರಲಿಲ್ಲ. ಒಂಬತ್ತು ಧ್ವನಿಮುದ್ರಣಗಳಲ್ಲಿ ಏಳನ್ನು ಬೇರೆಬೇರೆಯಾಗಿ ಇಳಿಸಿಕೊಂಡೆವು. ಎರಡು ದೊರೆಯಲಿಲ್ಲ. ಗಂಟು ಕೈಗೆ ಬಂದಿತೆಂದು ಬಿಚ್ಚಿ ನೋಡದೆ ನೆಮ್ಮದಿಯಾಗಿ ಕುಳಿತಿದ್ದರೆ ಒಂಬತ್ತೂ ಹೋಗುತ್ತಿದ್ದವು. ಅದೇ ಸಂಜೆ ಪುಟಗಳ ವಿಳಾಸಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೂ ಒಪ್ಪಿಸಿದೆವು. ಅಲ್ಲಿ ಯಾರು ಬೇಕಾದರೂ ಪುಟವೊಂದರ ಪ್ರತಿಯನ್ನು ಇರಿಸಬಹುದು.

ಆದರೆ ಆರು ಪುಟಗಳು ನಮ್ಮನ್ನು ಬಹಳ ಕಾಡಿಸಿದವು. ಆ ತಂತ್ರಾಂಶದಲ್ಲಿ ಚೆಲುವಾದ ಕನ್ನಡ ಅಕ್ಷರಗಳಿರಲಿಲ್ಲವೆಂದು ಕೆಲವರು ಮೊಬೈಲಿನಲ್ಲಿ ಬರಹವನ್ನು ಚಿತ್ರದ ಮೇಲೆ ಬರೆದು, ಆ ಚಿತ್ರವನ್ನೇ ಏರಿಸಿದ್ದರು. ಗಂಟಿನಲ್ಲಿ ಆ ಚಿತ್ರಗಳು ಕುಗ್ಗಿ ಅಕ್ಷರಗಳು ಮಸುಕಾಗಿದ್ದವು. ಅವುಗಳಲ್ಲಿ ಒಂದು, ಇಂಡಿ ತಾಲೂಕಿನಿಂದ 1972ರ ಬರಗಾಲದಲ್ಲಿ ಗಂಡ ಮತ್ತು ಎರಡು ಮಕ್ಕಳೊಡನೆ ಪುಣೆಗೆ ಬಂದು ಕಟ್ಟಡದ ಕೆಲಸಕ್ಕೆ ನಿಂತ ಅಜ್ಜಿಯೊಬ್ಬಳ ಮಾತು. ಮೊಮ್ಮಗಳು ಅದನ್ನು ಅಜ್ಜಿ ಆಡಿದಂತೆಯೇ ಬರೆದುಕೊಂಡಿದ್ದಳು. ಅಜ್ಜಿ 2023ರಲ್ಲಿ ತೀರಿಕೊಂಡಳು. ಸಿಗದೆ ಹೋದ ಎರಡು ಧ್ವನಿಗಳಲ್ಲಿ ಒಂದು ಅವಳದು. ಮೂಲ ಬರಹವಿದ್ದ ಮೊಬೈಲು ಕೆಟ್ಟು, ಎಂದೋ ಹಳೆಯ ಸಾಮಾನಿನವನಿಗೆ ಹೋಗಿತ್ತು.

ಮೊಮ್ಮಗಳು ಈಗ ಕಾಲೇಜಿನಲ್ಲಿದ್ದಾಳೆ. ನಾವು ಹೇಳಿ ಕಳುಹಿಸಿದಾಗ ಬಂದು, ಚಿತ್ರವನ್ನು ಹಿಗ್ಗಿಸಿ ನೋಡುತ್ತ, ಎರಡು ಮಧ್ಯಾಹ್ನ ಕುಳಿತು ಎಲ್ಲವನ್ನೂ ಯೂನಿಕೋಡಿನಲ್ಲಿ ಹೊಸದಾಗಿ ಬೆರಳಚ್ಚು ಮಾಡಿದಳು. ಒಂದು ಶಬ್ದ ಮಾತ್ರ ಬಿಡಿಸಲು ಬರಲಿಲ್ಲ. "ಹಗಲು ಬರಿದಾಗಿತ್ತು" ಎಂದಿರಬಹುದೆಂದು ನಾನು, "ಹಾವು" ಇರಬಹುದೆಂದು ಇನ್ನೊಬ್ಬ, ಅರ್ಥ ಕೂಡಲಿಲ್ಲ. ಕೊನೆಗೆ ಅವಳು ಊರಿಗೆ ಫೋನು ಮಾಡಿ ಅತ್ತೆಯನ್ನು ಕೇಳಿದಳು. ಅತ್ತೆ ಒಡನೆಯೇ ಹೇಳಿದಳು: "ಹಗೇವು." ನೆಲದಲ್ಲಿ ತೋಡಿ ಜೋಳ ತುಂಬಿಡುತ್ತಿದ್ದ ಕುಣಿಗೆ ನಮ್ಮ ಕಡೆಯ ಹೆಸರದು. ಹಗೇವು ಬರಿದಾದುದರಿಂದಲೇ ಅವರು ಊರು ಬಿಟ್ಟಿದ್ದರು. ಆ ಭಾಗದಲ್ಲಿಯೇ ಹುಟ್ಟಿದ ನನಗೂ ಆ ಶಬ್ದ ಹೊಳೆಯಲಿಲ್ಲವೆಂಬುದು ಈಗಲೂ ನಾಚಿಕೆ ತರುತ್ತದೆ.

ಇಷ್ಟಾದ ಬಳಿಕ ಕೆಲವರು, ಇನ್ನು ಸುಲಭದ ತಂತ್ರಾಂಶದ ಗೊಡವೆಯೇ ಬೇಡ, ಮಕ್ಕಳಿಗೆಲ್ಲ ಎಚ್‌ಟಿಎಂಎಲ್ ಕಲಿಸಿಬಿಡಿ ಎಂದರು. ನಾನು ಇದನ್ನು ಪೂರ್ತಿಯಾಗಿ ಒಪ್ಪಲಾರೆ. ಸುಲಭದ ಸಾಧನವಿಲ್ಲದಿದ್ದರೆ ಆ 41 ಪುಟಗಳು ಹುಟ್ಟುತ್ತಲೇ ಇರಲಿಲ್ಲ. ನಾವು ಮಾಡಿಕೊಂಡ ಬದಲಾವಣೆ ಬೇರೆ. ಈಗ ಬರಹವು ಮೊದಲು ಸಾದಾ ಯೂನಿಕೋಡ್ ಕಡತವಾಗಿ ಶಾಲೆಯ ಗಣಕದಲ್ಲಿರುತ್ತದೆ, ಚಿತ್ರ ಮತ್ತು ಧ್ವನಿಗಳ ಮೂಲಪ್ರತಿಗಳು ಅದರ ಪಕ್ಕದಲ್ಲಿರುತ್ತವೆ. ಅಲ್ಲಿಂದಲೇ ಜಾಲತಾಣಕ್ಕೆ ಹೋಗುತ್ತವೆ. ಇವೆಲ್ಲದರ ಪ್ರತಿ ಎರಡು ಪೆನ್ ಡ್ರೈವ್‌ಗಳಲ್ಲಿ ಉಂಟು: ಒಂದು ಕಚೇರಿಯ ಕಪಾಟಿನಲ್ಲಿ, ಇನ್ನೊಂದು ನನ್ನ ಮನೆಯಲ್ಲಿ. ಬರಹವನ್ನು ಚಿತ್ರವನ್ನಾಗಿ ಮಾಡುವುದನ್ನು ನಿಲ್ಲಿಸಿದ್ದೇವೆ. ಶಾಲೆಯ ಹೆಸರಿನಲ್ಲಿಯೇ ವಿಳಾಸವನ್ನೂ ಕೊಂಡಿದ್ದೇವೆ. ಹಿಂದಿನ ವಿಳಾಸ ತಯಾರಕರ ಹೆಸರಿಗೆ ಅಂಟಿಕೊಂಡಿದ್ದುದರಿಂದ ಅವರೊಡನೆಯೇ ಹೋಯಿತು. ಹಿಂದಿನ ವಾರ್ಷಿಕ ಸಂಚಿಕೆಗಳ ರಕ್ಷಾಪುಟದಲ್ಲಿ ಅಚ್ಚಾಗಿರುವ ವಿಳಾಸವನ್ನು ನೀವು ಒತ್ತಿದರೆ ಈಗ ಏನೂ ಬಾರದು. ಹೊಸ ವಿಳಾಸವನ್ನು ಈ ಸಂಚಿಕೆಯ ರಕ್ಷಾಪುಟದಲ್ಲಿ ಕೊಟ್ಟಿದೆ. ನಾಳೆ ಸರ್ವರನ್ನೋ ತಂತ್ರಾಂಶವನ್ನೋ ಬದಲಿಸಿದರೂ ಇದೇ ವಿಳಾಸವನ್ನು ಹೊಸ ನೆಲೆಯ ಕಡೆಗೆ ತಿರುಗಿಸಬಹುದು.

ಮಸುಕಾದ ಆರು ಪುಟಗಳಲ್ಲಿ ನಾಲ್ಕು ಮುಗಿದಿವೆ. ಉಳಿದ ಎರಡನ್ನು ಬರೆದವರು ಪುಣೆ ಬಿಟ್ಟು ಹೋಗಿದ್ದಾರೆ. ಅವರ ಮನೆಯವರ ಪರಿಚಯವಿದ್ದವರು ನನಗೆ ತಿಳಿಸಬೇಕು. ಬೆರಳಚ್ಚು ಬಲ್ಲವರು ಯಾರಾದರೂ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಗಣಕದ ಕೋಣೆಗೆ ಬರಬಹುದು. ಹನ್ನೆರಡು ಗಂಟೆಯ ವರೆಗೆ ನಾನು ಅಲ್ಲಿರುತ್ತೇನೆ.